ಅರೆಹೊತ್ತಿನ ಸದನ ಯಾರಿಗೆ ಬೇಕು?

ನಮ್ಮ ಕೇರಿಯ ಮಸಣಕ್ಕೆ ನಾಲ್ಕು ಕಲ್ಲು ನೆಡಬೇಕಾಗಿತ್ತು. ಎರಡು ನೆಟ್ಟಿದ್ದಾರೆ. ಇನ್ನೆರಡು ಕಲ್ಲು ಬೇಲಿ ಪಕ್ಕ ಮಲಗಿವೆ. ಅವು ಯಾಕೆ ಮಲಗಿವೆ ಅನ್ನೋದನ್ನ ಹೇಳೋಕೆ ಹೋದರೆ ಬೆಂಗಳೂರಿನ ವಿಧಾನಸೌಧದವರೆಗೂ ಹೋಗಬೇಕಾಗುತ್ತೆ. ಹೋಗೋಣ. ನಾವು ಒಂದು ಸಲ ಕೂಲಿ ಬಿಟ್ಟು ಹೋಗಿ ಬಂದವರು, ದಾರಿ ಗೊತ್ತು.

ಅದಕ್ಕೂ ಮೊದಲು ಒಂದು ಭಾಷಣದ ಮಾತು. ಈಚೆಗೆ ನಮ್ಮ ತಾಲ್ಲೂಕಿನ ಊರಲ್ಲಿ ‘ರಾಜಕಾರಣದ ಶುದ್ಧೀಕರಣ’ ಅಂತ ಒಂದು ವಿಚಾರಗೋಷ್ಠಿ ನಡೆಯಿತು. ಶುದ್ಧೀಕರಣ ಅನ್ನೋ ಪದ ಕಿವಿಗೆ ಬಿದ್ದರೇ ನಮಗೆ ಮೈ ಜುಂ ಅನ್ನುತ್ತೆ. ನಾವು ನೀರು ಮುಟ್ಟಿದಾಗೆಲ್ಲ ಊರಿನವರು ಮಾಡಿದ್ದು ಅದನ್ನೇ. ಆದರೂ ಹೋದೆವು. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಒಬ್ಬರು ಮಾತಾಡಿದರು. ಅವರ ಮಗ ಅಮೆರಿಕಾದ ಟೆಕ್ಸಾಸ್ ರಾಜ್ಯದಲ್ಲಿದ್ದಾನೆ. ಇವರು ಹೋಗಿ ಆರು ತಿಂಗಳು ಇದ್ದು ಬಂದಿದ್ದಾರೆ.

ಅವರು ಹೇಳಿದ್ದು ಇಷ್ಟು. ಟೆಕ್ಸಾಸ್ ನಮ್ಮ ಕರ್ನಾಟಕಕ್ಕಿಂತ ಮೂರು ಪಟ್ಟಿಗೂ ದೊಡ್ಡದು. ಅಲ್ಲಿಯ ಶಾಸನಸಭೆ ಕ್ರಮವಾಗಿ ಸೇರೋದು ಎರಡು ವರ್ಷಕ್ಕೆ ಒಂದು ಸಲ, ಅದೂ 140 ದಿನ ಮೀರುವ ಹಾಗಿಲ್ಲ. ಶಾಸಕರ ಸಂಬಳ ತಿಂಗಳಿಗೆ 600 ಡಾಲರ್. ಅವರೆಲ್ಲ ತಮ್ಮ ತಮ್ಮ ಕಸುಬು ಮಾಡಿಕೊಂಡಿದ್ದು, ಬಿಡುವು ಮಾಡಿಕೊಂಡು ಬಂದು ನಾಡಿನ ಕೆಲಸ ಮಾಡಿ ಮನೆಗೆ ಹೋಗ್ತಾರೆ. ತಾವೇ ಮಾಡಿದ ಕಾನೂನಿನ ಕೆಳಗೆ ತಾವೂ ಬದುಕ್ತಾರೆ. ನಮ್ಮಲ್ಲೂ ಹಾಗೇ ಆಗಬೇಕು. ಶಾಸಕಗಿರಿ ಉದ್ಯೋಗ ಆಗಬಾರದು, ಸೇವೆ ಆಗಬೇಕು. ಸಂಬಳ ಕಿತ್ತುಹಾಕಿ, ಸದನದ ದಿನ ಕಮ್ಮಿ ಮಾಡಿ, ಖರ್ಚು ಉಳಿಯುತ್ತೆ, ಕಳ್ಳರು ತಾವಾಗಿ ಓಡಿಹೋಗ್ತಾರೆ.

ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಸುಳ್ಳು ಯಾಕೆ ಹೇಳಬೇಕು, ನಾವೂ ತಟ್ಟಿದೆವು.

ತಟ್ಟದೆ ಇನ್ನೇನು ಮಾಡೋದು? 2019ರ ಜುಲೈನಲ್ಲಿ ನಾವು ಓಟು ಕೊಟ್ಟು ಕಳಿಸಿದವರು ಮುಂಬಯಿಯ ಹೋಟೆಲಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದನ್ನ ನಾವು ಕಂಡಿದ್ದೇವೆ. 2025ರ ಮಾರ್ಚ್ 21ರಂದು ಸದನದಲ್ಲಿ ಕಾಗದ ಹರಿದು ತೂರಾಡುವ ಗದ್ದಲದ ನಡುವೆಯೇ ಶಾಸಕರ ಸಂಬಳ 40,000ದಿಂದ 80,000 ರೂಪಾಯಿಗೆ ಏರಿದ್ದನ್ನೂ ಕಂಡಿದ್ದೇವೆ. ಅವತ್ತೇ ವಿರೋಧ ಪಕ್ಷದ 18 ಜನರನ್ನ ಆರು ತಿಂಗಳು ಅಮಾನತು ಮಾಡಿದರು. ಜಗಳದಲ್ಲಿ ಅವರು ಎರಡಾದರು, ಸಂಬಳದಲ್ಲಿ ಒಂದಾದರು. ನಮ್ಮ ಕೂಲಿ ಹತ್ತು ರೂಪಾಯಿ ಏರಬೇಕಾದರೆ ನಾಟಿ ಹೊತ್ತಲ್ಲಿ ಕೆಲಸ ನಿಲ್ಲಿಸಿ, ಊರಿನವರ ಕೈಲಿ ಬೈಸಿಕೊಂಡು, ಅಂಗಡಿಯಲ್ಲಿ ಸಾಮಾನು ಸಿಗದೆ ಉಪವಾಸ ಬೀಳಬೇಕು. ಸಿಟ್ಟು ಬರದೆ ಇರುತ್ತಾ? ಆ ಸಿಟ್ಟಲ್ಲಿ ಚಪ್ಪಾಳೆ ತಟ್ಟಿದೆವು.

ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಜೊತೆಗಿದ್ದ ಹಿರಿಯರೊಬ್ಬರು, ಹದಿನೆಂಟು ವರ್ಷ ಜೀತ ಮಾಡಿದವರು, ಬಹಳ ಹೊತ್ತು ಸುಮ್ಮನಿದ್ದು ಒಂದು ಮಾತು ಕೇಳಿದರು: “ಅಲ್ಲ ಕಣ್ರಪ್ಪಾ, ಬಿಡುವು ಮಾಡ್ಕಂಡು ಬಂದು ಅಂದ್ನಲ್ಲ ಆವಯ್ಯ. ಬಿಡುವು ಅನ್ನೋದು ಯಾರ ಮನೇಲಿ ಐತೆ?”

ಬಸ್ಸಿನಲ್ಲಿ ನಮಗೆ ಉತ್ತರ ಹೊಳೀಲಿಲ್ಲ. ತಟ್ಟಿದ ಅಂಗೈ ಮಾತ್ರ ಬಿಸಿಯಾಗಿಯೇ ಇತ್ತು.

ಬಿಡುವು ಯಾರ ಮನೆಯಲ್ಲಿತ್ತು ಅನ್ನೋದನ್ನ ಹಳೇ ಕಡತಗಳೇ ಹೇಳುತ್ತವೆ. ಅರೆಹೊತ್ತಿನ ಸದನ ನೋಡೋಕೆ ಅಮೆರಿಕಾಕ್ಕೆ ಹೋಗಬೇಕಾಗಿಯೇ ಇಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ನಮ್ಮ ಪಠ್ಯಪುಸ್ತಕಗಳು ಅದನ್ನ ಕೊಂಡಾಡುತ್ತವೆ. ಅದು ಸೇರುತ್ತಿದ್ದದ್ದು ವರ್ಷಕ್ಕೊಂದು ಸಲ, ದಸರಾ ಹೊತ್ತಿನಲ್ಲಿ. ಮೊದಲ ಸಭೆಯಲ್ಲಿ 144 ಜನ. ಯಾರು ಅವರು? ಜಮೀನುದಾರರು, ವರ್ತಕರು. ದಿವಾನರ ವರದಿ ಕೇಳಿ, ತಮ್ಮ ಅಹವಾಲು ಹೇಳಿ, ದಸರಾ ನೋಡಿಕೊಂಡು ಊರಿಗೆ ಹೋಗುತ್ತಿದ್ದರು. ಕಾನೂನು ಮಾಡುವ ಅಧಿಕಾರ ಅವರಿಗೆ ಇರಲಿಲ್ಲ ಅನ್ನೋದು ನಿಜ. ಆದರೆ ದೊರೆಯ ಮುಂದೆ ಬಾಯಿ ಬಿಡುವ ಅವಕಾಶ ಇತ್ತು. ಅವರು ಮೈಸೂರಲ್ಲಿ ಕೂತಿದ್ದಾಗ ಅವರ ಹೊಲದಲ್ಲಿ ಯಾರು ಗೇಯುತ್ತಿದ್ದರು? ಅವರ ದನ ಯಾರು ಕಾಯುತ್ತಿದ್ದರು? ಅವರ ಬಿಡುವನ್ನ ದುಡಿದು ಕೊಟ್ಟವರು ನಮ್ಮ ಮುತ್ತಜ್ಜಂದಿರು.

ಇಂಗ್ಲೆಂಡಿನಲ್ಲೂ ಇದೇ ಕತೆ. ಅಲ್ಲಿಯ ಪಾರ್ಲಿಮೆಂಟಿನಲ್ಲಿ ಸದಸ್ಯರಿಗೆ ಸಂಬಳ ಇರಲಿಲ್ಲ. ಪಾರ್ಲಿಮೆಂಟು ದೊಡ್ಡಮನೆಯವರ ಹೊತ್ತು ಕಳೆಯುವ ಜಾಗವಾಗಿತ್ತು. 1838ರಲ್ಲಿ ಚಾರ್ಟಿಸ್ಟರು ಅನ್ನೋ ಕಾರ್ಮಿಕರ ಚಳವಳಿ ಆರು ಬೇಡಿಕೆ ಮುಂದಿಟ್ಟಿತು. ಎಲ್ಲ ಗಂಡಸರಿಗೂ ಓಟು ಬೇಕು, ಗುಟ್ಟಿನ ಮತದಾನ ಬೇಕು ಅನ್ನೋದರ ಜೊತೆಗೆ, ಸದಸ್ಯರಾಗೋಕೆ ಆಸ್ತಿ ಇರಲೇಬೇಕು ಅನ್ನೋ ನಿಯಮ ಹೋಗಬೇಕು, ಸದಸ್ಯರಿಗೆ ಸಂಬಳ ಕೊಡಬೇಕು ಅಂತಲೂ ಕೇಳಿದರು. ನೇಯುವವರು, ಚಪ್ಪಲಿ ಹೊಲಿಯುವವರು, ಗಣಿಯೊಳಗೆ ಇಳಿಯುವವರು ಕೇಳಿದ ಸಂಬಳ ಅದು. ತಾವು ಮಗ್ಗ ಬಿಟ್ಟು ಪಾರ್ಲಿಮೆಂಟಿಗೆ ಹೋದರೆ ಮನೆಯಲ್ಲಿ ಒಲೆ ಹತ್ತಬೇಕಲ್ಲ. ಆ ಸಂಬಳ ಬಂದದ್ದು 1911ರಲ್ಲಿ, ವರ್ಷಕ್ಕೆ 400 ಪೌಂಡು. ಎಪ್ಪತ್ತಮೂರು ವರ್ಷ ಬೇಕಾಯಿತು. ಇವತ್ತು ‘ಸಂಬಳ ಬಿಡಿ, ಸೇವೆ ಮಾಡಿ’ ಅನ್ನುವವರು ಬಡವರು ಗೆದ್ದದ್ದನ್ನ ವಾಪಸ್ ಕೇಳುತ್ತಿದ್ದಾರೆ.

ಆ ಭಾಷಣ ಕೇಳಿ ಬಂದ ಮೇಲೆ ಅಮೆರಿಕಾದ್ದನ್ನೂ ಹುಡುಕಿ ಓದಿದೆವು. ಅಲ್ಲಿ ನ್ಯೂ ಹ್ಯಾಂಪ್‌ಶೈರ್ ಅಂತ ಒಂದು ಪುಟ್ಟ ರಾಜ್ಯ ಇದೆ. ಅದರ ಕೆಳಮನೆಯಲ್ಲಿ 400 ಜನ ಸದಸ್ಯರು. ಅವರ ಸಂಬಳ ವರ್ಷಕ್ಕೆ 100 ಡಾಲರ್, 1889ರಲ್ಲಿ ಗೊತ್ತು ಮಾಡಿದ್ದು. ಕೇಳೋಕೆ ಚೆನ್ನಾಗಿದೆ. ಆದರೆ ಅಲ್ಲಿ ಹೋಗಿ ಕೂರೋದಕ್ಕೆ ಆಗೋದು ಪಿಂಚಣಿ ಬರುವ ನಿವೃತ್ತರಿಗೆ, ಆಸ್ತಿ ಇದ್ದವರಿಗೆ, ಸ್ವಂತ ಕಸುಬಿಗೆ ತಾವೇ ಯಜಮಾನರಾದವರಿಗೆ. ಹೋಟೆಲಲ್ಲಿ ತಟ್ಟೆ ತೊಳೆಯುವವನಿಗೆ ಯಾವ ಯಜಮಾನ ರಜ ಕೊಡ್ತಾನೆ?

ಟೆಕ್ಸಾಸಿನದು ಇನ್ನೂ ಒಂದು ಮಾತಿದೆ, ಭಾಷಣಕಾರರು ಅದನ್ನ ಹೇಳಲಿಲ್ಲ. ಆ 140 ದಿನ ಮುಗಿದ ಮೇಲೆ ಸದನ ತಾನಾಗಿ ಸೇರುವ ಹಾಗಿಲ್ಲ. ಗವರ್ನರು ಕರೆದರೆ ಸೇರಬೇಕು. ಒಂದೊಂದು ವಿಶೇಷ ಅಧಿವೇಶನ ಹೆಚ್ಚೆಂದರೆ 30 ದಿನ. ಯಾವ ವಿಷಯದ ಮೇಲೆ ಕಾನೂನು ಮಾಡಬೇಕು ಅನ್ನೋದನ್ನೂ ಗವರ್ನರೇ ಗೊತ್ತು ಮಾಡೋದು. 2021ರಲ್ಲಿ ಹೀಗೆ ಮೂರು ಸಲ ಕರೆದರು. ಸದನ ಅರೆಹೊತ್ತು, ಗವರ್ನರು ಪೂರ್ತಿ ಹೊತ್ತು. ಮನೆಯವರು ಮಲಗಿದ್ದಾಗ ಬೀಗದ ಕೈ ಯಾರ ಹತ್ತಿರ ಇರುತ್ತೋ ಮನೆ ಅವರದೇ.

ನಮ್ಮೂರಿಗೆ ಬರೋಣ. ಅರೆಹೊತ್ತಿನ, ಸಂಬಳವಿಲ್ಲದ ಪ್ರಜಾಪ್ರಭುತ್ವ ಹೇಗಿರುತ್ತೆ ಅಂತ ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಕೇರಿಯ ಅಕ್ಕ ಒಬ್ಬಳು ಮೀಸಲಾತಿಯಲ್ಲಿ ಗ್ರಾಮ ಪಂಚಾಯ್ತಿಗೆ ಗೆದ್ದಳು. ಕೇರಿಯೆಲ್ಲ ಹಬ್ಬ. ಮೊದಲನೇ ಸಭೆಗೆ ಹೊಸ ಸೀರೆ ಉಟ್ಟುಕೊಂಡು ಹೋದಳು. ಎರಡನೇದಕ್ಕೂ ಹೋದಳು. ಮೂರನೇ ಸಭೆ ಕಳೆ ಕೀಳುವ ಹೊತ್ತಿಗೆ ಬಂತು. ಪಂಚಾಯ್ತಿ ಕೊಡುವ ಗೌರವಧನ ತಿಂಗಳಿಗೆ ನಾಲ್ಕು ದಿನದ ಕೂಲಿಗೂ ಸಮ ಇರಲಿಲ್ಲ, ಅದೂ ಯಾವಾಗಲೋ ಬರುತ್ತಿತ್ತು. ಸಭೆಗೆ ಹೋದರೆ ಆ ದಿನದ ಕೂಲಿ ಹೋಯ್ತು. ಬರೀ ಆ ದಿನದ್ದಲ್ಲ, ‘ನೀನೀಗ ಮೆಂಬರಮ್ಮ, ನಮ್ಮ ಹೊಲಕ್ಕೆ ಯಾಕೆ ಬರ್ತೀಯ’ ಅಂತ ಆ ವಾರದ್ದೂ ಹೋಯ್ತು. ಅಕ್ಕ ಹೊಲಕ್ಕೆ ಹೋದಳು. ಮಧ್ಯಾಹ್ನ ಪಂಚಾಯ್ತಿಯ ಪುಸ್ತಕವೇ ಹೊಲಕ್ಕೆ ಬಂತು. ಒಬ್ಬ ಸೈಕಲ್ಲಿನಲ್ಲಿ ತಂದ. ಅಕ್ಕ ಕೈಯ ಮಣ್ಣು ಸೆರಗಿಗೆ ಒರೆಸಿಕೊಂಡು ರುಜು ಹಾಕಿದಳು. ಏನು ಬರೆದಿತ್ತು ಅಂತ ಓದೋಕೆ ಹೊಲದ ಯಜಮಾನ ಬಿಡಲಿಲ್ಲ. ಹೊತ್ತಾಗುತ್ತೆ ಅಂದ. ಆ ಪುಸ್ತಕದಲ್ಲಿ ಇದ್ದದ್ದು ನಮ್ಮ ಕೇರಿಗೆ ಬಂದ ಚರಂಡಿಯನ್ನ ಊರ ಮುಂದಿನ ರಸ್ತೆಗೆ ವರ್ಗ ಮಾಡುವ ಠರಾವು. ನಮ್ಮ ಚರಂಡಿ ಹೋದದ್ದು ನಮ್ಮ ಅಕ್ಕನ ರುಜುವಿನಿಂದಲೇ.

ಅಕ್ಕನನ್ನ ಬೈಯೋಣವೇ? ಬೈಯುವವರು ಒಂದು ದಿನ ಕೂಲಿ ಬಿಟ್ಟು ನೋಡಲಿ.

ನಮ್ಮ ವಿಧಾನಸಭೆಯ 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಲ್ಲಿ ಹೋದವರೆಲ್ಲ ನಮ್ಮ ಪರವಾಗಿ ಬಾಯಿ ಬಿಟ್ಟರು ಅಂತ ನಾವು ಹೇಳೋದಿಲ್ಲ. ಎಷ್ಟೋ ಜನ ಗೆದ್ದ ಮಾರನೇ ದಿನದಿಂದ ಕೇರಿಯ ದಾರಿ ಮರೆತರು. ಆದರೆ ಸಂಬಳ ಕಿತ್ತುಹಾಕಿದರೆ ಏನಾಗುತ್ತೆ ಅಂತ ಯೋಚನೆ ಮಾಡಿ. ಕುರ್ಚಿ ಮೀಸಲಾಗೇ ಇರುತ್ತೆ. ಆ ಕುರ್ಚಿಯಲ್ಲಿ ಕೂರುವವನ ಬಸ್ ಚಾರ್ಜು, ಊಟ, ಮಕ್ಕಳ ಫೀಸು ಇದನ್ನೆಲ್ಲ ಯಾರೋ ಕೊಡಬೇಕು. ಕೊಟ್ಟವನೇ ಅವನ ಧಣಿ. ಸಂಬಳವಿಲ್ಲದ ಮೀಸಲು ಶಾಸಕ ಅಂದರೆ ವಿಧಾನಸೌಧದಲ್ಲಿ ಜೀತಕ್ಕಿರುವ ಆಳು. 1976ರಲ್ಲಿ ಕಾಯ್ದೆ ಮಾಡಿ ನಿಷೇಧಿಸಿದ ಜೀತವನ್ನ ಸದನದೊಳಗೇ ತಂದು ಕಟ್ಟಿದ ಹಾಗೆ.

ಇದನ್ನ ಬಾಬಾಸಾಹೇಬರು ಎಂದೋ ಕಂಡಿದ್ದರು. 1937ರಲ್ಲಿ ಬೊಂಬಾಯಿಯ ಕಾಂಗ್ರೆಸ್ ಸರ್ಕಾರ ಮಂತ್ರಿಗಳಿಗೆ ತಿಂಗಳಿಗೆ 500 ರೂಪಾಯಿ ಸಂಬಳ ಸಾಕು ಅಂತ ಮಸೂದೆ ತಂದಿತು. ತ್ಯಾಗದ ಗಾಳಿ ಬೀಸುತ್ತಿದ್ದ ಕಾಲ. ಸದನದಲ್ಲಿ ಎದ್ದು ನಿಂತು ಅದನ್ನ ವಿರೋಧಿಸಿದವರು ಅಂಬೇಡ್ಕರ್. ಸಂಬಳ ಗೊತ್ತು ಮಾಡುವಾಗ ಯೋಗ್ಯತೆಯನ್ನ ನೋಡಬೇಕು, ಪ್ರಜಾಪ್ರಭುತ್ವವನ್ನ ನೋಡಬೇಕು, ಆಡಳಿತದ ಪ್ರಾಮಾಣಿಕತೆಯನ್ನ ನೋಡಬೇಕು ಅನ್ನೋದು ಅವರ ವಾದವಾಗಿತ್ತು. ತ್ಯಾಗ ಅನ್ನೋದು ಇದ್ದವರು ಆಡುವ ಮಾತು. ಬಿಡೋದಕ್ಕೆ ಏನಾದರೂ ಇದ್ದವನು ಬಿಡ್ತಾನೆ. ಅದೇ 1937ರಲ್ಲಿ ಅವರು ಕೊಂಕಣದ ಖೋತಿ ಜಮೀನ್ದಾರಿ ರದ್ದಾಗಬೇಕು ಅಂತ ಅದೇ ಸದನದಲ್ಲಿ ಮಸೂದೆ ಮಂಡಿಸಿದರು. 1938ರ ಜನವರಿಯಲ್ಲಿ ಸಾವಿರಾರು ರೈತರ ಮೆರವಣಿಗೆಯನ್ನ ಶಾಸನಸಭೆಯ ಕಡೆಗೆ ನಡೆಸಿಕೊಂಡು ಹೋದರು. ಅವರಿಗೆ ಬೀದಿಯೂ ಬೇಕಾಗಿತ್ತು, ಸದನವೂ ಬೇಕಾಗಿತ್ತು.

ಈಗ ಕಲ್ಲಿನ ಕತೆ.

ನಮ್ಮ ಮಸಣ ಸರ್ಕಾರಿ ದಾಖಲೆಯಲ್ಲಿ ಇದೆ. ಭೂಮಿಯ ಮೇಲೆ ವರ್ಷವರ್ಷಕ್ಕೂ ಸಣ್ಣದಾಗುತ್ತಾ ಬಂತು. ಪಕ್ಕದ ಹೊಲದ ನೇಗಿಲು ಪ್ರತಿ ಮಳೆಗಾಲವೂ ಒಂದೊಂದು ಸಾಲು ಈ ಕಡೆಗೆ ಬರುತ್ತಿತ್ತು. ಆಮೇಲೆ ಟ್ರ್ಯಾಕ್ಟರ್ ಬಂತು, ಒಂದೇ ಸಲಕ್ಕೆ ನಾಲ್ಕು ಸಾಲು. ಒಂದು ಶ್ರಾವಣದಲ್ಲಿ ನಮ್ಮ ದೊಡ್ಡವ್ವ ಸತ್ತಳು. ಹೆಣ ಹೊತ್ತುಕೊಂಡು ಹೋದರೆ ದಾರಿಗೆ ಮುಳ್ಳುಬೇಲಿ. ಹೊಲದವರು ಬಿಡಲಿಲ್ಲ, ಮಳೆಯೂ ಬಿಡಲಿಲ್ಲ. ಹೆಣವನ್ನ ಇಳಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಿಡಿದು ನಾವು ರಾತ್ರಿಯವರೆಗೆ ನಿಂತೆವು. ಕೊನೆಗೆ ಗುಂಡಿ ತೋಡಿದ ಕಡೆ ಹಳೇ ಮೂಳೆ ಸಿಕ್ಕಿದವು. ಯಾರವೋ ಗೊತ್ತಿಲ್ಲ. ನಮ್ಮವರವೇ. ಅವನ್ನ ಪಕ್ಕಕ್ಕೆ ಸರಿಸಿ ದೊಡ್ಡವ್ವನನ್ನ ಮಲಗಿಸಿದೆವು.

ಅಲ್ಲಿಂದ ಅರ್ಜಿ ಶುರು. ಅರ್ಜಿ ಕೊಟ್ಟ ಕಚೇರಿಯ ಹೆಸರು ಇಲ್ಲಿ ಬೇಡ, ಎಲ್ಲ ಕಡೆಯೂ ಅದೇ ಕುರ್ಚಿ, ಅದೇ ಮಾತು. ‘ಸರ್ವೇಯರ್ ಇಲ್ಲ.’ ‘ಸರ್ವೇಯರ್ ರಜೆಯಲ್ಲಿದ್ದಾರೆ.’ ‘ಫೈಲು ಮೇಲಕ್ಕೆ ಹೋಗಿದೆ.’ ಮೇಲೆ ಹೋದರೆ ‘ಕೆಳಗೆ ಹೋಗಿದೆ.’ ಎರಡು ವರ್ಷ ಹೀಗೇ.

ಆ ಕಚೇರಿಯಲ್ಲೇ ಟೀ ತಂದುಕೊಡುವ ನಮ್ಮ ಹುಡುಗನೊಬ್ಬ ಗುಟ್ಟು ಹೇಳಿಕೊಟ್ಟ. “ಅಣ್ಣಾ, ನೀವು ನೂರು ಅರ್ಜಿ ಕೊಡಿ, ಇವರು ಅಲ್ಲಾಡಲ್ಲ. ಎಲ್‌ಎಕ್ಯೂ ಬಂದ್ರೆ ನೋಡ್ಬೇಕು, ಕುರ್ಚಿಗೇ ಬೆಂಕಿ ಬಿದ್ದಂಗೆ ಓಡಾಡ್ತಾರೆ.” ಎಲ್‌ಎಕ್ಯೂ ಅಂದರೆ ವಿಧಾನಸಭೆಯ ಪ್ರಶ್ನೆ. ಸದನದಲ್ಲಿ ಒಬ್ಬ ಸದಸ್ಯ ಪ್ರಶ್ನೆ ಹಾಕಿದರೆ ಮಂತ್ರಿ ಉತ್ತರ ಹೇಳಬೇಕು. ಮಂತ್ರಿಗೆ ಗೊತ್ತಿರೋದಿಲ್ಲ. ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿಂದ ನಮ್ಮೂರಿನ ಗ್ರಾಮ ಲೆಕ್ಕಿಗರವರೆಗೆ ಕಾಗದ ಇಳಿದು ಬರುತ್ತೆ, ‘ತುರ್ತು’ ಅಂತ ಚೀಟಿ ಅಂಟಿಸಿಕೊಂಡು. ವಿಧಾನಸೌಧದಲ್ಲಿ ಒಂದು ಗಂಟೆ ಬಾರಿಸಿದರೆ ನಮ್ಮೂರ ಗದ್ದೆ ಬದುವಿನಲ್ಲಿ ಸದ್ದಾಗುತ್ತೆ. ಸದನದ ಶಕ್ತಿ ಇರೋದು ಅಲ್ಲಿಯ ಭಾಷಣದಲ್ಲಲ್ಲ, ಈ ಕಾಗದದ ಭಯದಲ್ಲಿ.

ಒಬ್ಬ ಸದಸ್ಯರ ಕಾಲು ಹಿಡಿಯದೆ, ಕೈ ಮುಗಿದು, ಪ್ರಶ್ನೆ ಹಾಕಿಸಿದೆವು. ದಿನಾಂಕ ಗೊತ್ತಾಯಿತು. ನಾವು ನಾಲ್ಕು ಜನ ಕೂಲಿ ಬಿಟ್ಟು, ರೊಟ್ಟಿ ಕಟ್ಟಿಕೊಂಡು, ರಾತ್ರಿ ಬಸ್ಸು ಹತ್ತಿದೆವು. ನಮ್ಮ ದೊಡ್ಡವ್ವನ ಮಾತು ಆ ದೊಡ್ಡ ಕಟ್ಟಡದೊಳಗೆ ಆಡುವುದನ್ನ ಕಿವಿಯಾರೆ ಕೇಳಬೇಕು ಅನ್ನೋ ಆಸೆ. ಬೆಳಿಗ್ಗೆ ಗೇಟಿನ ಮುಂದೆ ನಿಂತಾಗ ಪೋಲೀಸಿನವನು ನಕ್ಕ. “ಯಾವ ಸದನಾನ್ರೀ? ನೆನ್ನೆ ರಾತ್ರೀನೇ ಮುಗೀತು. ಎರಡು ದಿನ ಮುಂಚೇನೇ ಮುಗಿಸ್ಬಿಟ್ರು.” ಗದ್ದಲ ಆಯಿತಂತೆ, ಅನಿರ್ದಿಷ್ಟ ಕಾಲ ಮುಂದಕ್ಕೆ ಹಾಕಿದರಂತೆ. ಸದನವೇ ಇಲ್ಲದ ಮೇಲೆ ಪ್ರಶ್ನೆ ಎಲ್ಲಿ? ಸತ್ತುಹೋಯಿತು. ನಮ್ಮ ದೊಡ್ಡವ್ವ ಎರಡನೇ ಸಲ ಸತ್ತಳು.

ಗೇಟಿನ ಆಚೆ ನಿಂತು ತಲೆ ಎತ್ತಿ ನೋಡಿದೆವು. ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಕೆತ್ತಿದ್ದಾರೆ. ನಮ್ಮಲ್ಲೊಬ್ಬ ಹೇಳಿದ: “ದೇವರ ಕೆಲಸ ಅಂದ್ಮೇಲೆ ನಮ್ಮನ್ನ ಒಳಗೆ ಬಿಡೋದು ಕಷ್ಟಾನೇ ಬಿಡಪ್ಪ.” ನಕ್ಕೆವು. ಕಬ್ಬನ್ ಪಾರ್ಕಿನಲ್ಲಿ ಕೂತು ರೊಟ್ಟಿ ತಿಂದೆವು. ಸಂಜೆ ಬಸ್ಸಿಗೆ ವಾಪಸ್.

ಮುಂದಿನ ಅಧಿವೇಶನಕ್ಕೆ ತಿಂಗಳುಗಟ್ಟಲೆ ಕಾದೆವು. ಆ ಸದಸ್ಯರು ಮಾತಿಗೆ ತಪ್ಪಲಿಲ್ಲ, ಪ್ರಶ್ನೆಯನ್ನ ಮತ್ತೆ ಹಾಕಿದರು. ಆಗ ನೋಡಬೇಕಾಗಿತ್ತು. ಎರಡು ವರ್ಷ ಇಲ್ಲದ ಸರ್ವೇಯರ್ ಬೆಳಗಿನ ಏಳು ಗಂಟೆಗೇ ಜೀಪಿನಲ್ಲಿ ಬಂದ. ಸರಪಳಿ ಎಳೆದರು. ಬೇಲಿ ಕಿತ್ತರು. ಹೊಲದವರು ದೂರದಲ್ಲಿ ನಿಂತು ನೋಡಿದರೇ ಹೊರತು ತುಟಿ ಬಿಚ್ಚಲಿಲ್ಲ. ಆ ಹೊಲದವರು ಬಾಯಿ ಕಟ್ಟಿ ನಿಂತದ್ದನ್ನ ನಮ್ಮ ಜೀವಮಾನದಲ್ಲಿ ಕಂಡದ್ದು ಅದೊಂದೇ ದಿನ. ಮೂಡಲ ಮೂಲೆಗೆ ಒಂದು ಕಲ್ಲು, ತೆಂಕಲ ಮೂಲೆಗೆ ಒಂದು ಕಲ್ಲು. ಅಷ್ಟರಲ್ಲಿ ಸಂಜೆಯಾಯಿತು. ಮಿಕ್ಕ ಎರಡನ್ನ ನಾಳಿದ್ದು ಬಂದು ನೆಡ್ತೀವಿ ಅಂದರು. ಸದನದಲ್ಲಿ ಉತ್ತರ ಬಂತು: ‘ಅಳತೆ ಕಾರ್ಯ ಪ್ರಗತಿಯಲ್ಲಿದೆ.’ ಅದೇ ವಾರ ಅಧಿವೇಶನ ಮುಗಿಯಿತು. ಸರ್ವೇಯರ್ ಮತ್ತೆ ರಜೆಯ ಮೇಲೆ ಹೋದ.

ಮಿಕ್ಕ ಎರಡು ಕಲ್ಲು ಮಲಗಿರೋದು ಅದಕ್ಕೇ.

ಈಗ ಹೇಳಿ, ಸದನದ ದಿನ ಕಮ್ಮಿ ಮಾಡಿದರೆ ಯಾರಿಗೆ ನಷ್ಟ? ಹೊಲದ ಯಜಮಾನನಿಗೆ ಸದನ ಬೇಕಾಗಿಲ್ಲ. ಅವನಿಗೆ ಕಚೇರಿಯ ಹಿಂಬಾಗಿಲು ಗೊತ್ತು. ಮಂತ್ರಿಯ ಮನೆಯ ಮದುವೆಗೆ ಅವನಿಗೆ ಕರೆಯೋಲೆ ಬರುತ್ತೆ. ಗಣಿಯವನಿಗೆ, ಕಾಲೇಜು ಕಟ್ಟಿದವನಿಗೆ, ಲೇಔಟ್ ಮಾಡುವವನಿಗೆ ಸರ್ಕಾರ 365 ದಿನವೂ ತೆರೆದಿರುತ್ತೆ. ನಮಗೆ ತೆರೆಯೋದು ಸದನ ಸೇರಿದ ದಿನ ಮಾತ್ರ.

ಇನ್ನೊಂದು. ಸದನ ಮುಚ್ಚಿದರೆ ಸರ್ಕಾರ ಮುಚ್ಚೋದಿಲ್ಲ. ಸದನ ಸೇರಿಲ್ಲದಾಗ ಸುಗ್ರೀವಾಜ್ಞೆ ಹೊರಡಿಸಬಹುದು ಅಂತ ಸಂವಿಧಾನದ 213ನೇ ವಿಧಿ ಹೇಳುತ್ತೆ. ತುರ್ತಿಗೆ ಅಂತ ಇಟ್ಟ ಬಾಗಿಲು ಅದು. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಗೇಣಿ ಮಾಡುತ್ತಿದ್ದವರಿಗೆ ಭೂಮಿ ಬಂತು. ಕೂಲಿ ಮಾಡುತ್ತಿದ್ದ ನಮ್ಮವರಿಗೆ ಬಂದದ್ದು ಕಡಿಮೆ, ಅದು ಬೇರೆ ಮಾತು. ಆ ಕಾಯ್ದೆಯ 79ಎ, 79ಬಿ ಕಲಮುಗಳು ಬೇರೆ ಕಡೆಯಿಂದ ದೊಡ್ಡ ಆದಾಯ ಇರುವವರು, ಬೇಸಾಯಗಾರರಲ್ಲದವರು ಉಳುವ ಭೂಮಿಯನ್ನ ಕೊಳ್ಳದ ಹಾಗೆ ತಡೆ ಹಾಕಿದ್ದವು. 2020ರ ಜುಲೈನಲ್ಲಿ, ಊರಿಗೆ ಊರೇ ಕೊರೋನಾಕ್ಕೆ ಹೆದರಿ ಬಾಗಿಲು ಹಾಕಿಕೊಂಡಿದ್ದಾಗ, ಸದನ ಇಲ್ಲದಾಗ, ಸುಗ್ರೀವಾಜ್ಞೆಯಿಂದ ಆ ತಡೆ ತೆಗೆದರು. ಸೆಪ್ಟೆಂಬರಿನಲ್ಲಿ ವಿಧಾನಸಭೆ, ಡಿಸೆಂಬರಿನಲ್ಲಿ ವಿಧಾನ ಪರಿಷತ್ತು ಆಮೇಲೆ ಮುದ್ರೆ ಒತ್ತಿದವು. ನಮ್ಮ ಎರಡು ಕಲ್ಲಿಗೆ ತುರ್ತು ಇರಲಿಲ್ಲ, ಅದಕ್ಕೆ ತುರ್ತು ಇತ್ತು.

ಸದನ ಸೇರಿದಾಗ ನಮಗೆ ಬಂದದ್ದೂ ಉಂಟು. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನನ್ನ ಬೇರೆಯವರು ಹೊಡೆದುಕೊಳ್ಳಬಾರದು ಅಂತ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಬಹಳ ತಡವಾಗಿ ಅರ್ಜಿ ಹಾಕಿದಿರಿ ಅಂತ ಕೋರ್ಟುಗಳಲ್ಲಿ ನಮ್ಮವರ ಕೇಸು ಬೀಳತೊಡಗಿದವು. ಓದು ಬಾರದವನಿಗೆ ತಡವಾದದ್ದು ಹೇಗೆ ಗೊತ್ತಾಗಬೇಕು? ತಿಂಗಳುಗಟ್ಟಲೆ ಧರಣಿ ನಡೆಯಿತು. ಅರ್ಜಿಗೆ ಕಾಲದ ಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ಆಯಿತು. ಧರಣಿ ಕೂತದ್ದು ಬೀದಿಯಲ್ಲಿ, ತಿದ್ದಿದ್ದು ಸದನದಲ್ಲಿ.

ಅರೆಹೊತ್ತಿನ ಸದನ ಬೇಕು ಅನ್ನುವವರಿಗೆ ತಿಳಿದಿದೆಯೋ ಇಲ್ಲವೋ, ನಮ್ಮದು ಈಗಾಗಲೇ ಅರೆಹೊತ್ತಿನದೇ. ಎರಡು ಅಧಿವೇಶನದ ನಡುವೆ ಆರು ತಿಂಗಳು ಮೀರಬಾರದು ಅಂತ ಮಾತ್ರ ಸಂವಿಧಾನ ಹೇಳುತ್ತೆ. ಅದು ಸಾಲದು ಅಂತ ನಮ್ಮ ಕರ್ನಾಟಕವೇ 2005ರಲ್ಲಿ ಒಂದು ಕಾಯ್ದೆ ಮಾಡಿಕೊಂಡಿತು: ವರ್ಷಕ್ಕೆ ಕಡೇಪಕ್ಷ 60 ದಿನ ಸದನ ನಡೆಯಬೇಕು. 2022ರಲ್ಲಿ ನಡೆದದ್ದು 45 ದಿನ. ನಗಬೇಡಿ, ಆ ವರ್ಷ ಇಡೀ ದೇಶದ ವಿಧಾನಸಭೆಗಳಲ್ಲಿ ಅದೇ ಹೆಚ್ಚು. ಮಿಕ್ಕ ರಾಜ್ಯಗಳೂ ಸೇರಿದ ಸರಾಸರಿ 21 ದಿನ. ಕಾನೂನು ಮಾಡುವವರೇ ತಾವು ತಮಗಾಗಿ ಮಾಡಿಕೊಂಡ ಕಾನೂನನ್ನ ಮುರಿದರೆ ದಂಡ ಇಲ್ಲ, ಜೈಲಿಲ್ಲ. ನಾವು ಕೂಲಿಗೆ ಅರ್ಧ ಗಂಟೆ ತಡವಾಗಿ ಹೋದರೆ ಅರ್ಧ ದಿನದ ದುಡ್ಡು ಹಿಡೀತಾರೆ. ಇವರ ಸಂಬಳ ಪೂರ್ತಿ ಹೊತ್ತಿನದು, ಸದನ ಅರೆಹೊತ್ತಿನದು. ರೋಗ ಇರೋದು ಇಲ್ಲಿ. ಇದಕ್ಕೆ ಸದನವನ್ನೇ ಕತ್ತರಿಸಿ ಅನ್ನೋದು, ನೆಗಡಿ ಆಯಿತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಹಾಗಾದರೆ ನಮ್ಮ ಮಾತೇನು? ಸಂಬಳ ಇರಲಿ, ಹಾಜರಿಗೆ ಕಟ್ಟಿ. ಬಂದ ದಿನಕ್ಕೆ ಕೂಲಿ, ಬಾರದ ದಿನಕ್ಕೆ ಇಲ್ಲ, ನಮ್ಮ ಹಾಗೆ. 60 ದಿನ ಅಂದರೆ 60 ದಿನ. ಗದ್ದಲದಿಂದ ಒಂದು ದಿನ ಹೋದರೆ ಇನ್ನೊಂದು ದಿನ ಸೇರಿಸಿ. ಸದನ ಮುಂಚೆ ಮುಗಿದರೂ ಒಪ್ಪಿಕೊಂಡ ಪ್ರಶ್ನೆ ಸಾಯಬಾರದು, ಉತ್ತರ ಬರಲೇಬೇಕು. ‘ಪ್ರಗತಿಯಲ್ಲಿದೆ’ ಅಂತ ಉತ್ತರ ಕೊಟ್ಟವರು ಮುಂದಿನ ಸದನದಲ್ಲಿ ಆ ಪ್ರಗತಿ ಎಲ್ಲಿಗೆ ಬಂತು ಅಂತ ಹೇಳಬೇಕು. ನಮ್ಮ ಅಕ್ಕನಂಥವಳು ಪಂಚಾಯ್ತಿಗೆ ಹೋದ ದಿನ ಅವಳ ಕೂಲಿಗೆ ಸಮನಾದ ದುಡ್ಡು ಅವತ್ತೇ ಅವಳ ಕೈಗೆ ಬರಬೇಕು. ಇವು ದೊಡ್ಡ ಕ್ರಾಂತಿಯ ಮಾತಲ್ಲ. ಕೂಲಿಕಾರರ ಲೆಕ್ಕ.

ಮೊನ್ನೆ ಆ ಹಿರಿಯರು ತೀರಿಕೊಂಡರು, ಬಸ್ಸಿನಲ್ಲಿ ಬಿಡುವಿನ ಮಾತು ಕೇಳಿದವರು. ಅವರನ್ನ ನೆಟ್ಟ ಎರಡು ಕಲ್ಲಿನ ಕಡೆಗೇ, ಮೂಡಲ ಮೂಲೆಯಲ್ಲಿ ಮಣ್ಣು ಮಾಡಿದೆವು. ಆ ಕಡೆ ಬೇಲಿ ಬಂದಿಲ್ಲ. ಕಲ್ಲಿಲ್ಲದ ಕಡೆ ಈ ಮಳೆಗಾಲವೂ ಟ್ರ್ಯಾಕ್ಟರ್ ಎರಡು ಸಾಲು ಒಳಗೆ ಬಂದಿದೆ. ಮಣ್ಣು ಹಾಕಿ ಬರುವಾಗ ಕೇರಿಯ ಹುಡುಗರು ಕೇಳಿದರು, ಮುಂದಿನ ಸದನ ಯಾವಾಗ ಅಂತ. ನಾವು ಎರಡನೇ ಪ್ರಶ್ನೆ ಬರೆದು ಇಟ್ಟುಕೊಂಡಿದ್ದೇವೆ.